ಗಾಳಿಗಿರಣಿ ಬಂದದ್ದು ಕೊನೆಗೆ

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ಇರುವವರು ಈ ಸಭೆಯಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ಅಲ್ಲಿ ಡೆನ್ಮಾರ್ಕಿನಿಂದ ಬಂದವರು ಕಟ್ಟಿದ ಸೋಲ್ವಾಂಗ್ ಎಂಬ ಊರನ್ನು ನಿಮ್ಮಲ್ಲಿ ಹಲವರು ನೋಡಿಯೇ ಇರುತ್ತೀರಿ. ಲಾಸ್ ಏಂಜಲೀಸಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕಾರಿನಲ್ಲಿ ಹೊರಟರೆ ಮಕ್ಕಳು ಅಲ್ಲಿ ಒಂದೆರಡು ಗಂಟೆ ನಿಲ್ಲಿಸುತ್ತಾರೆ. ಗಾಳಿಗಿರಣಿಯ ಮುಂದೆ ಫೋಟೊ ಆಗುತ್ತದೆ. ಬೇಕರಿಗೆ ಹೋಗಿ ಏನಾದರೂ ಸಿಹಿ ತಿನ್ನುವುದಾಗುತ್ತದೆ. ಮರದ ಪಟ್ಟಿ ಹೊಡೆದ ಗೋಡೆ, ಕಡಿದಾದ ಛಾವಣಿ, ಅದರ ಮೇಲೆ ಮರದ ಕೊಕ್ಕರೆ, ಎಲ್ಲ ಚೆಂದ. ಆಮೇಲೆ ಕಾರು ಹೊರಡುತ್ತದೆ.

ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಹೋದಾಗ ಒಂದು ರಾತ್ರಿ ಅಲ್ಲೇ ಉಳಿಯಿರಿ. ಊರು ಇರುವ ಸಾಂಟಾ ಇನೆಜ್ ಕಣಿವೆಗೆ ಯಾವುದು ಮೊದಲು ಬಂತೋ ಅದನ್ನು ಮೊದಲು ನೋಡಿ. ಸೋಲ್ವಾಂಗಿಗೆ ಗಾಳಿಗಿರಣಿ ಬಂದದ್ದು ಬಹಳ ತಡವಾಗಿ. ಶಾಲೆ ಬಂದದ್ದು ಮೊದಲು. ಊರಿನ ಸುತ್ತಲಿನ ದ್ರಾಕ್ಷಿ ತೋಟಗಳ ಕಥೆಯೂ ಹಾಗೆಯೇ. ಅಲ್ಲಿನ ವೈನಿಗೆ ಹೆಸರು ಬಂದು ಐವತ್ತು ವರ್ಷ ಆಗಿದ್ದರೆ ಜಾಸ್ತಿ. ಆ ವೈನನ್ನು ಸಾಧ್ಯ ಮಾಡಿದ ಬೆಟ್ಟಗಳಿಗೆ ಕೋಟಿಗಟ್ಟಲೆ ವರ್ಷ. ಈ ಕ್ರಮದಲ್ಲಿ ನೋಡಿದರೆ ಊರು ಬೇರೆಯೇ ಆಗಿ ಕಾಣುತ್ತದೆ.

ಬೆಟ್ಟದಿಂದಲೇ ಶುರು ಮಾಡೋಣ. ಸಾಂಟಾ ಬಾರ್ಬರಾದಿಂದ ಸೋಲ್ವಾಂಗಿಗೆ ಎರಡು ದಾರಿ ಇದೆ. ಒಂದು 101ನೇ ಹೆದ್ದಾರಿ, ಸಮುದ್ರದ ಪಕ್ಕದಲ್ಲಿ ಹೋಗಿ ಬ್ಯುಯೆಲ್ಟನ್ ಹತ್ತಿರ ತಿರುಗುತ್ತದೆ. ಇನ್ನೊಂದು 154, ಸ್ಯಾನ್ ಮಾರ್ಕೋಸ್ ಘಾಟಿ ಹತ್ತಿ ಇಳಿಯುತ್ತದೆ. ಹೋಗುವಾಗ ಘಾಟಿಯಲ್ಲೇ ಹೋಗಿ. ಹತ್ತುವಾಗ ಹಿಂದೆ ತಿರುಗಿ ನೋಡಿದರೆ ಸಮುದ್ರ. ತುದಿ ದಾಟಿದ ಮೇಲೆ ಕೆಳಗೆ ಕಚೂಮಾ ಜಲಾಶಯ, ಅದರಾಚೆ ಅಗಲವಾದ ಕಣಿವೆ, ಓಕ್ ಮರಗಳು. ಮಳೆಗಾಲ ಅಲ್ಲಿ ಚಳಿಗಾಲದಲ್ಲಿ. ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ ಗುಡ್ಡಗಳೆಲ್ಲ ಹಸಿರು. ಜೂನ್ ಹೊತ್ತಿಗೆ ಹುಲ್ಲು ಒಣಗಿ ಹೊಂಬಣ್ಣ.

ಕ್ಯಾಲಿಫೋರ್ನಿಯಾದ ಕರಾವಳಿ ಬೆಟ್ಟಗಳು ಬಹುಪಾಲು ಉತ್ತರದಿಂದ ದಕ್ಷಿಣಕ್ಕೆ ಮಲಗಿವೆ. ಸಮುದ್ರಕ್ಕೆ ಅಡ್ಡಗೋಡೆ ಕಟ್ಟಿದ ಹಾಗೆ. ತಂಪು ಗಾಳಿ ಒಳಗೆ ಬರಲು ಅಲ್ಲಲ್ಲಿ ಸಂದಿ ಹುಡುಕಬೇಕು. ಈ ಭಾಗದಲ್ಲಿ ಮಾತ್ರ ಬೆಟ್ಟಗಳು ಪೂರ್ವ-ಪಶ್ಚಿಮವಾಗಿವೆ. ದಕ್ಷಿಣಕ್ಕೆ ಸಾಂಟಾ ಇನೆಜ್ ಬೆಟ್ಟಸಾಲು, ಉತ್ತರಕ್ಕೆ ಸ್ಯಾನ್ ರಾಫೆಲ್ ಬೆಟ್ಟಸಾಲು. ನಡುವಿನ ಕಣಿವೆಯ ಬಾಯಿ ನೇರವಾಗಿ ಪೆಸಿಫಿಕ್ ಸಾಗರದ ಕಡೆಗೆ ತೆರೆದಿದೆ.

ಇದು ಹೇಗಾಯಿತು ಎಂಬುದೇ ಒಂದು ಸೊಗಸಾದ ಕಥೆ. ಭೂಮಿಯ ಚಿಪ್ಪಿನ ದೊಡ್ಡದೊಂದು ತುಂಡು ಮೆಲ್ಲಗೆ ಸರಿಯುತ್ತಿರುವ ಎರಡು ಭೂಫಲಕಗಳ ನಡುವೆ ಸಿಕ್ಕಿಕೊಂಡಿತು. ಸುಮಾರು ಎರಡು ಕೋಟಿ ವರ್ಷಗಳಲ್ಲಿ ಅದು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತೊಂಬತ್ತು ಡಿಗ್ರಿಯಷ್ಟು ತಿರುಗಿತು. ಗೊತ್ತಾದದ್ದು ಹೇಗೆ ಅಂತ ಕೇಳುತ್ತೀರಿ. ಜ್ವಾಲಾಮುಖಿಯ ಕಲ್ಲು ತಣ್ಣಗಾಗಿ ಗಟ್ಟಿಯಾಗುವಾಗ ಅದರೊಳಗಿನ ಕಬ್ಬಿಣದ ಅಂಶ ಆಗಿನ ಉತ್ತರ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಲ್ಲಿನ ಹಳೆಯ ಕಲ್ಲುಗಳಲ್ಲಿ ಆ ದಿಕ್ಕು ಈಗ ಪೂರ್ವದ ಕಡೆ ಮುಖ ಮಾಡಿದೆ. ಕಲ್ಲು ತಾನು ತಿರುಗಿದ್ದನ್ನು ತಾನೇ ಬರೆದಿಟ್ಟುಕೊಂಡಿದೆ. ಈ ತಿರುಗಾಟವನ್ನು ನೆನಪಿಟ್ಟುಕೊಳ್ಳಿ, ವೈನಿನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬೆಟ್ಟ ಆಯಿತು. ಈಗ ಜನ. ಈ ಕಣಿವೆ ಇಲ್ಲಿನ ಮೂಲನಿವಾಸಿಗಳಾದ ಚುಮಾಶ್ ಜನರದ್ದು. ಸಮುದ್ರತೀರದಲ್ಲಿದ್ದ ಅವರ ಬಂಧುಗಳು ಹಲಗೆಗಳನ್ನು ಹೊಲಿದು, ನೆಲದಿಂದ ತಾನಾಗಿ ಒಸರುವ ಡಾಂಬರನ್ನು ಬಳಿದು ದೋಣಿ ಮಾಡುತ್ತಿದ್ದರು. ಅದರಲ್ಲಿ ಎದುರಿನ ದ್ವೀಪಗಳಿಗೆ ಹೋಗಿ ಬರುತ್ತಿದ್ದರು. ಒಳನಾಡಿನವರು ಓಕ್ ಮರದ ಕಾಯಿಗಳನ್ನು ಕುಟ್ಟಿ, ನೀರು ಹಾಯಿಸಿ ಕಹಿ ತೆಗೆದು ಅಂಬಲಿ ಮಾಡಿಕೊಳ್ಳುತ್ತಿದ್ದರು. ಈ ಕಣಿವೆಯವರ ಭಾಷೆಯ ಹೆಸರು ಸಮಾಲಾ.

1804ರ ಸೆಪ್ಟೆಂಬರ್ 17ರಂದು ಸ್ಪೇನಿನ ಪಾದ್ರಿಗಳು ಇಲ್ಲಿ ಸಾಂಟಾ ಇನೆಸ್ ಮಿಷನ್, ಅಂದರೆ ಕ್ರೈಸ್ತ ಮತಪ್ರಚಾರದ ನೆಲೆ, ಸ್ಥಾಪಿಸಿದರು. ಕ್ಯಾಲಿಫೋರ್ನಿಯಾದ 21 ಮಿಷನ್‌ಗಳಲ್ಲಿ ಇದು ಹತ್ತೊಂಬತ್ತನೆಯದು. ಇಂದಿನ ಸೋಲ್ವಾಂಗಿನ ಗಾಳಿಗಿರಣಿಗಳಿಂದ ಸುಮ್ನೆ ನಡೆದುಕೊಂಡು ಹೋಗುವಷ್ಟು ಹತ್ತಿರ. ಆದರೂ ಅಲ್ಲಿಗೆ ಹೋಗುವವರು ಕಡಿಮೆ. ನೀವು ಮೊದಲು ಅಲ್ಲಿಗೇ ಹೋಗಿ. 1812ರ ಭೂಕಂಪದಲ್ಲಿ ಮೊದಲ ಇಗರ್ಜಿ ಕುಸಿಯಿತು. ಈಗ ಇರುವುದು 1817ರಲ್ಲಿ ಮುಗಿದ ಕಟ್ಟಡ. ಒಳಗಿನ ಗೋಡೆಗಳ ಮೇಲಿನ ಬಣ್ಣದ ಕೆಲಸದಲ್ಲಿ ಚುಮಾಶ್ ಜನರ ಕೈ ಇದೆ. ಹಸಿ ಇಟ್ಟಿಗೆ ಹೊತ್ತವರೂ ಅವರೇ, ಹೊಲದಲ್ಲಿ ದುಡಿದವರೂ ಅವರೇ.

ಆ ದುಡಿಮೆ ಅವರು ಇಷ್ಟಪಟ್ಟು ಆರಿಸಿಕೊಂಡದ್ದಾಗಿರಲಿಲ್ಲ. ಮಿಷನ್ ಒಳಗೆ ಸೇರಿದವರು ಬಿಟ್ಟು ಹೋಗುವಂತಿರಲಿಲ್ಲ. ದಡಾರದಂಥ ಕಾಯಿಲೆಗಳು ಊರೂರನ್ನೇ ಖಾಲಿ ಮಾಡಿದವು. 1824ರ ಫೆಬ್ರವರಿಯಲ್ಲಿ ಇದೇ ಅಂಗಳದಲ್ಲಿ ಒಬ್ಬ ಚುಮಾಶ್ ತರುಣನಿಗೆ ಸಿಪಾಯಿಗಳು ಚಾಟಿಯಿಂದ ಹೊಡೆದರು. ಜನ ತಿರುಗಿಬಿದ್ದರು. ಕಟ್ಟಡಗಳಿಗೆ ಬೆಂಕಿ ಬಿತ್ತು. ದಂಗೆ ಪಕ್ಕದ ಲಾ ಪುರಿಸಿಮಾ ಮಿಷನ್‌ಗೂ ಸಾಂಟಾ ಬಾರ್ಬರಾಕ್ಕೂ ಹಬ್ಬಿತು. ಲಾ ಪುರಿಸಿಮಾವನ್ನು ಚುಮಾಶ್ ಜನ ಸುಮಾರು ಒಂದು ತಿಂಗಳು ತಮ್ಮ ವಶದಲ್ಲಿ ಇಟ್ಟುಕೊಂಡಿದ್ದರು. ಕೊನೆಗೆ ಫಿರಂಗಿ ತಂದು ಅಡಗಿಸಲಾಯಿತು.

ಈ ಮಾತನ್ನು ಪ್ರವಾಸದ ಉಪನ್ಯಾಸದಲ್ಲಿ ಯಾಕೆ ಹೇಳುತ್ತಿದ್ದೇನೆ ಅಂದರೆ, ಕಣಿವೆಯ ಮೊದಲ ದ್ರಾಕ್ಷಿ ಬಳ್ಳಿಯನ್ನು ತಂದವರೂ ಈ ಪಾದ್ರಿಗಳೇ. ಪೂಜೆಗೆ ವೈನ್ ಬೇಕಿತ್ತು. ಅವರು ಮೆಕ್ಸಿಕೊ ಕಡೆಯಿಂದ ತಂದ ತಳಿಗೆ ಅಮೆರಿಕದಲ್ಲಿ ಮಿಷನ್ ದ್ರಾಕ್ಷಿ ಅಂತಲೇ ಹೆಸರು. ಅದು ಸ್ಪೇನಿನ ಲಿಸ್ಟಾನ್ ಪ್ರಿಯೆಟೊ ಎಂಬ ಹಳೆಯ ತಳಿಯೇ ಎಂದು ಡಿಎನ್‌ಎ ಪರೀಕ್ಷೆಯಿಂದ ಈ ಶತಮಾನದಲ್ಲಿ ಗೊತ್ತಾಯಿತು.

ಸ್ಪೇನಿನ ನಂತರ ಕ್ಯಾಲಿಫೋರ್ನಿಯಾ ಮೆಕ್ಸಿಕೊ ಕೈಗೆ ಬಂದಿತ್ತು. 1830ರ ದಶಕದಲ್ಲಿ ಮೆಕ್ಸಿಕೊ ಸರ್ಕಾರ ಮಿಷನ್‌ಗಳ ಜಮೀನನ್ನು ಕಿತ್ತುಕೊಂಡಿತು. ಅದು ಚುಮಾಶ್ ಜನರಿಗೆ ಹಿಂತಿರುಗಬೇಕಿತ್ತು. ಹೋದದ್ದು ದೊಡ್ಡ ದೊಡ್ಡ ಜಾನುವಾರು ಎಸ್ಟೇಟುಗಳ ಒಡೆಯರಿಗೆ. ಚುಮಾಶ್ ಜನರಿಗೆ ಅಮೆರಿಕ ಸರ್ಕಾರ ಒಂದು ಪುಟ್ಟ ಮೀಸಲು ಪ್ರದೇಶವನ್ನು ಗುರುತಿಸಿದ್ದು 1901ರಲ್ಲಿ. ಇವತ್ತು ಅಲ್ಲಿ ಅವರದೇ ದೊಡ್ಡ ಕ್ಯಾಸಿನೊ ಇದೆ, ದಾರಿಯಲ್ಲಿ ಕಾಣುತ್ತದೆ. ಕ್ಯಾಸಿನೊ ನೋಡಿ ಮುಖ ಸಿಂಡರಿಸಬೇಡಿ. ಆ ಆದಾಯ ಬಂದಮೇಲೆ ಅವರು ಮಾಡಿದ ಒಂದು ಕೆಲಸ ಹೇಳುತ್ತೇನೆ. ಸಮಾಲಾ ಭಾಷೆಯನ್ನು ಚೆನ್ನಾಗಿ ಬಲ್ಲ ಮರಿಯಾ ಸೊಲಾರೆಸ್ ಎಂಬ ಹಿರಿಯ ಹೆಂಗಸು 1923ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆ ಅವರು ಜೆ. ಪಿ. ಹ್ಯಾರಿಂಗ್ಟನ್ ಎಂಬ ಭಾಷಾಶಾಸ್ತ್ರಜ್ಞರ ಜೊತೆ ಕೂತು ಪದ, ಹಾಡು, ಕಥೆ ಎಲ್ಲವನ್ನೂ ಬರೆಸಿದ್ದರು. ಆ ಟಿಪ್ಪಣಿಗಳ ಆಧಾರದ ಮೇಲೆ ಸಮುದಾಯದವರು 2008ರಲ್ಲಿ ಸಮಾಲಾ ನಿಘಂಟು ಹೊರತಂದರು. ಮಕ್ಕಳಿಗೆ ಕಲಿಸುತ್ತಿದ್ದಾರೆ. ಒಬ್ಬ ಅಜ್ಜಿ ತಾಳ್ಮೆಯಿಂದ ಹೇಳಿಟ್ಟು ಹೋದದ್ದು ಮರಿಮಕ್ಕಳ ಬಾಯಿಗೆ ಬಂತು. ಇದನ್ನು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ.

ಇನ್ನು ಡೇನ್‌ರು, ಅಂದರೆ ಡೆನ್ಮಾರ್ಕಿನವರು. ಇವರು ಯಾಕೆ ಬಂದರು? ಡೆನ್ಮಾರ್ಕ್ 1864ರಲ್ಲಿ ಜರ್ಮನ್ ರಾಜ್ಯವಾದ ಪ್ರಶ್ಯಾ ಮತ್ತು ಆಸ್ಟ್ರಿಯಾಗಳ ಎದುರು ಯುದ್ಧದಲ್ಲಿ ಸೋತು ಶ್ಲೆಸ್ವಿಗ್, ಹೋಲ್‌ಸ್ಟೈನ್ ಸೀಮೆಗಳನ್ನು ಕಳೆದುಕೊಂಡಿತು. ಪ್ರಶ್ಯಾದ ಕೈಗೆ ಸಿಕ್ಕ ಡೇನ್ ಹುಡುಗರು ಆ ಸೈನ್ಯಕ್ಕೆ ಸೇರಬೇಕಾಯಿತು. ಹಲವರು ಅದಕ್ಕೇ ಹಡಗು ಹತ್ತಿದರು. ಉಳಿದವರಿಗೆ ಜಮೀನಿನ ಆಸೆ. ಅಮೆರಿಕಕ್ಕೆ ಹೋದ ಡೇನ್‌ರ ಸಂಖ್ಯೆ ಮೊದಲ ಮಹಾಯುದ್ಧದ ಹೊತ್ತಿಗೆ ಸುಮಾರು 3 ಲಕ್ಷ. ಜಾಸ್ತಿ ಜನ ನೆಲೆಸಿದ್ದು ಅಯೋವಾ, ನೆಬ್ರಾಸ್ಕಾ, ಮಿನ್ನೆಸೋಟಾಗಳ ಮೆಕ್ಕೆಜೋಳದ ಬಯಲಿನಲ್ಲಿ.

ಡೇನ್‌ರು ಹೆಚ್ಚಾಗಿ ಲೂಥರನ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದವರು. ಅಮೆರಿಕದ ಡೇನ್ ಲೂಥರನ್ನರಲ್ಲಿ ಎರಡು ಪಂಗಡ ಇದ್ದವು. 1894ರಲ್ಲಿ ಅವು ಬೇರೆಬೇರೆಯಾದವು. ಒಂದು ಪಂಗಡಕ್ಕೆ ಪಾಪ, ಪಶ್ಚಾತ್ತಾಪ, ಶಿಸ್ತು ಮುಖ್ಯ. ಇನ್ನೊಂದು ಗ್ರುಂಟ್ವಿಗ್ ಎಂಬ ಪಾದ್ರಿ-ಕವಿಯ ಅನುಯಾಯಿಗಳದ್ದು. ಗ್ರುಂಟ್ವಿಗ್ ಇದ್ದದ್ದು 1783ರಿಂದ 1872ರವರೆಗೆ. ರೈತರ ಮಕ್ಕಳಿಗೆ ಪರೀಕ್ಷೆ ಇಲ್ಲದ, ಡಿಗ್ರಿ ಇಲ್ಲದ ಶಾಲೆ ಬೇಕು ಎಂದವರು ಅವರು. ತಾಯಿನುಡಿಯಲ್ಲಿ ಹಾಡು, ಇತಿಹಾಸ, ಮಾತುಕತೆ, ಕಸರತ್ತು, ಜೊತೆಗೆ ಒಂದಷ್ಟು ಕೈಕೆಲಸ. ಇದಕ್ಕೆ ಜನಪದ ಶಾಲೆ ಅನ್ನೋಣ. ಮೊದಲನೆಯದು 1844ರಲ್ಲಿ ರೋಡಿಂಗ್ ಎಂಬಲ್ಲಿ ತೆರೆಯಿತು. ಡೆನ್ಮಾರ್ಕಿನ ಸಹಕಾರಿ ಹೈನುಗಾರಿಕೆ, ರೈತ ಚಳವಳಿಗಳ ಹಿಂದೆ ಈ ಶಾಲೆಗಳ ಪಾತ್ರ ದೊಡ್ಡದು.

ಈ ಪಂಗಡದವರಿಗೆ ಒಂದು ಚಿಂತೆ ಹತ್ತಿತು. ಅಮೆರಿಕದ ಬಯಲಿನಲ್ಲಿ ಅಲ್ಲೊಂದು ಇಲ್ಲೊಂದು ಮನೆಯಾಗಿ ಚದುರಿದರೆ ಮಕ್ಕಳು ಡ್ಯಾನಿಶ್ ಮಾತಾಡುವುದಿಲ್ಲ. ಒಟ್ಟಿಗೆ ಇರಬೇಕು. ಅದಕ್ಕೆ ಜಮೀನು ಬೇಕು. ಪಾದ್ರಿಗಳಾದ ಬೆನೆಡಿಕ್ಟ್ ನಾರ್ಡೆನ್‌ಟಾಫ್ಟ್ ಮತ್ತು ಜೆ. ಎಂ. ಗ್ರೆಗರ್ಸನ್, ಅವರ ಜೊತೆಗೆ ಪೀಡರ್ ಹಾರ್ನ್‌ಸಿಲ್ಡ್, ಈ ಮೂವರು ಮುಂದಾದರು. ನಾರ್ಡೆನ್‌ಟಾಫ್ಟ್ ಅಯೋವಾದಲ್ಲಿ ಡೇನ್‌ರ ಗ್ರ್ಯಾಂಡ್ ವ್ಯೂ ಕಾಲೇಜಿನ ಮುಖ್ಯಸ್ಥರಾಗಿದ್ದವರು. ಡ್ಯಾನಿಶ್-ಅಮೆರಿಕನ್ ವಸಾಹತು ಕಂಪನಿ ಶುರುವಾಯಿತು. 1911ರಲ್ಲಿ ಈ ಕಣಿವೆಯಲ್ಲಿ ಸುಮಾರು 9,000 ಎಕರೆ ಕೊಂಡರು. ಹಿಂದೆ ಸ್ಯಾನ್ ಕಾರ್ಲೋಸ್ ದೆ ಹೊನಾಟಾ ಎಂಬ ಎಸ್ಟೇಟಿಗೆ ಸೇರಿದ್ದ ನೆಲ. ಅದನ್ನು ತುಂಡು ಮಾಡಿ ಡೇನ್ ಕುಟುಂಬಗಳಿಗೆ ಮಾರುತ್ತಾ ಹೋದರು.

ಈಗ ಗಮನಿಸಿ. ಜಮೀನು ಕೊಂಡ ವರ್ಷವೇ ಜನಪದ ಶಾಲೆ ತೆರೆದರು. ಆಗ ಬೀದಿ ಕೂಡ ಸರಿಯಾಗಿ ಇರಲಿಲ್ಲ. ಕೆಲವೇ ವರ್ಷದಲ್ಲಿ ಜಾಗ ಸಾಲದಾಯಿತು. 1914ರಲ್ಲಿ ಗುಡ್ಡದ ಮೇಲೆ ದೊಡ್ಡ ಕಟ್ಟಡ ಎದ್ದಿತು. ಅದೇ ಅಟರ್‌ಡಾಗ್ ಕಾಲೇಜು. ಚಳಿಗಾಲದಲ್ಲಿ ಹೊಲದ ಕೆಲಸ ಕಡಿಮೆ ಆದಾಗ ಹುಡುಗ ಹುಡುಗಿಯರು ಅಲ್ಲಿ ಬಂದು ಉಳಿಯುತ್ತಿದ್ದರು. ಹಾಡುತ್ತಿದ್ದರು, ಕುಣಿಯುತ್ತಿದ್ದರು, ಉಪನ್ಯಾಸ ಕೇಳುತ್ತಿದ್ದರು. ಮೊದಲ ಶಾಲೆಯ ಕಟ್ಟಡ ಇವತ್ತಿಗೂ ಪೇಟೆಯಲ್ಲಿದೆ. ಕೆಲವು ಕಾಲ ಇಗರ್ಜಿಯಾಗಿತ್ತು, ಆಮೇಲೆ ಊಟದ ಹೋಟೆಲಾಯಿತು. ಅದರ ಮುಂದೆ ನಿಂತಾಗ ಇಲ್ಲಿಂದಲೇ ಊರು ಶುರುವಾಯಿತು ಅಂತ ನೆನೆಯಿರಿ.

ಇಗರ್ಜಿಗೆ ಸ್ವಂತ ಕಟ್ಟಡ ಬಂದದ್ದು 1928ರಲ್ಲಿ. ಹೆಸರು ಬೆಥಾನಿಯಾ. ಡೆನ್ಮಾರ್ಕಿನ ಹಳ್ಳಿಯ ಇಗರ್ಜಿಯ ರೀತಿಯಲ್ಲಿ ಕಟ್ಟಿದ್ದಾರೆ. ಒಳಗೆ ಹೋದರೆ ತಲೆ ಎತ್ತಿ ನೋಡಿ. ಛಾವಣಿಯಿಂದ ಒಂದು ಪುಟ್ಟ ಹಡಗು ತೂಗುತ್ತಿದೆ. ಸಮುದ್ರದ ಜೊತೆ ಬದುಕಿದ ನಾಡಿನ ಹಳೆಯ ಪದ್ಧತಿ ಅದು. ಡೇನ್ ಊರುಗಳ ಇಗರ್ಜಿಗಳಲ್ಲಿ ಇಂಥ ಹಡಗು ಸಾಮಾನ್ಯ.

ಆ ಕಾಲದ ಸೋಲ್ವಾಂಗ್ ಪೇಟೆಯ ಫೋಟೊಗಳು ಸಿಗುತ್ತವೆ. ಎಲ್ವರ್‌ಹೊಯ್ ಮ್ಯೂಸಿಯಂನಲ್ಲಿ ನೋಡಬಹುದು. ಮರದ ಅಂಗಡಿಗಳು, ಮಣ್ಣಿನ ರಸ್ತೆ, ಚಪ್ಪಟೆ ಮುಖದ ಕಟ್ಟಡಗಳು. ಅಮೆರಿಕದ ಪಶ್ಚಿಮದ ಯಾವ ಸಣ್ಣ ಊರಾದರೂ ಹೀಗೇ ಇತ್ತು. ಗಾಳಿಗಿರಣಿ ಇಲ್ಲ, ಕೊಕ್ಕರೆ ಇಲ್ಲ. ಆದರೆ ಆ ಅಂಗಡಿಗಳಲ್ಲಿ ವ್ಯಾಪಾರ ನಡೆಯುತ್ತಿದ್ದದ್ದು ಡ್ಯಾನಿಶ್‌ನಲ್ಲಿ. ಪ್ರಾರ್ಥನೆ ಡ್ಯಾನಿಶ್‌ನಲ್ಲಿ, ಜಗಳವೂ ಡ್ಯಾನಿಶ್‌ನಲ್ಲಿ. ಊರು ಡ್ಯಾನಿಶ್ ಆಗಿದ್ದಾಗ ಡ್ಯಾನಿಶ್ ಆಗಿ ಕಾಣಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ.

ಆಮೇಲೆ ಭಾಷೆ ಹಿಂದೆ ಸರಿಯಿತು. ಒಂದೇ ಕಾರಣ ಅಲ್ಲ. ಮೊದಲ ಮಹಾಯುದ್ಧದ ಸಮಯದಲ್ಲಿ ಅಮೆರಿಕದಲ್ಲಿ ಪರಭಾಷೆಗಳ ಮೇಲೆ ಸಿಟ್ಟು ಎದ್ದಿತು. ಇವರಲ್ಲಿ ಹಲವರು ಬಿಟ್ಟುಬಂದ ಅಯೋವಾದಲ್ಲಿ 1918ರಲ್ಲಿ ರಾಜ್ಯಪಾಲ ಹಾರ್ಡಿಂಗ್ ಒಂದು ಆಜ್ಞೆಯನ್ನೇ ಹೊರಡಿಸಿದರು. ಶಾಲೆಯಲ್ಲಿ, ಸಭೆಯಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಇಗರ್ಜಿಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು. ಜರ್ಮನ್ನರ ಮೇಲಿನ ಸಿಟ್ಟು ಡೇನ್‌ರ ಮೇಲೂ ಬಿತ್ತು. 1924ರ ಕಾಯ್ದೆ ಹೊಸ ವಲಸೆಯನ್ನು ತೀರಾ ಇಳಿಸಿತು. ಡೆನ್ಮಾರ್ಕಿನಿಂದ ಹೊಸಬರು ಬರುವುದು ಕಡಿಮೆಯಾಯಿತು. ಮಕ್ಕಳು ಸರ್ಕಾರಿ ಶಾಲೆಗೆ, ವಿಶ್ವವಿದ್ಯಾಲಯಕ್ಕೆ ಹೋದರು. ಡಿಗ್ರಿ ಕೊಡದ ಜನಪದ ಶಾಲೆಗೆ ಸೇರುವವರು ಕಡಿಮೆಯಾದರು. ಅಟರ್‌ಡಾಗ್ ಕಾಲೇಜಿನಲ್ಲಿ ಪಾಠ ನಿಂತಿತು. 1970ರಲ್ಲಿ ಕಟ್ಟಡವನ್ನೂ ಕೆಡವಿದರು.

ಹೀಗೆ ಒಂದು ಕಡೆ ಭಾಷೆ ತಗ್ಗುತ್ತಿದ್ದಾಗ ಇನ್ನೊಂದು ಕಡೆ ಊರು ಡೆನ್ಮಾರ್ಕಿನ ಉಡುಪು ತೊಟ್ಟುಕೊಂಡಿತು. 1936ರಲ್ಲಿ ಊರಿಗೆ 25 ವರ್ಷ. ಡೇನ್ ದಿನಗಳು ಅಂತ ಹಬ್ಬ ಮಾಡಿದರು. ಅದು ಇವತ್ತಿಗೂ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. 1939ರಲ್ಲಿ ಡೆನ್ಮಾರ್ಕಿನ ಯುವರಾಜ ಫ್ರೆಡರಿಕ್ ಮತ್ತು ಯುವರಾಣಿ ಇಂಗ್ರಿಡ್ ಬಂದುಹೋದರು. ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ಫರ್ಡಿನಾಂಡ್ ಸೊರೆನ್ಸನ್ ಎಂಬ ಊರಿನವರೊಬ್ಬರು ಡೆನ್ಮಾರ್ಕಿನಲ್ಲಿ ಕಂಡ ಮನೆಗಳ ಮಾದರಿಯಲ್ಲಿ ತಮ್ಮ ಮನೆ ಕಟ್ಟಿಕೊಂಡರು. ಊರಿನ ಮೊದಲ ಗಾಳಿಗಿರಣಿ ಕೂಡ ಅವರದೇ. 1947ರ ಜನವರಿಯಲ್ಲಿ ಸಾಟರ್‌ಡೇ ಈವ್ನಿಂಗ್ ಪೋಸ್ಟ್ ಪತ್ರಿಕೆಯಲ್ಲಿ ಸೋಲ್ವಾಂಗ್ ಬಗ್ಗೆ ಸಚಿತ್ರ ಲೇಖನ ಬಂತು. ದೇಶದ ಮನೆಮನೆಗೆ ಹೋಗುತ್ತಿದ್ದ ಪತ್ರಿಕೆ ಅದು. ಜನ ಕಾರು ಹತ್ತಿ ಬಂದರು. ಬಂದವರಿಗೆ ಚಪ್ಪಟೆ ಮುಖದ ಅಂಗಡಿ ಕಂಡರೆ ನಿರಾಸೆ ಅಲ್ವಾ? ವ್ಯಾಪಾರಿಗಳು ಹಳೆಯ ಕಟ್ಟಡಗಳಿಗೆ ಹೊಸ ಮುಖ ಹಚ್ಚಿಸತೊಡಗಿದರು. ಅರ್ಲ್ ಪೀಟರ್ಸನ್ ಎಂಬ ವಾಸ್ತುಶಿಲ್ಪಿ ಇದರಲ್ಲಿ ತುಂಬ ಕೆಲಸ ಮಾಡಿದರು. ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆ, ಕೋಪನ್‌ಹೇಗನ್‌ನ ದುಂಡು ಗೋಪುರದ ಮೂರನೇ ಒಂದು ಅಳತೆಯ ಪ್ರತಿರೂಪ, ಇವೆಲ್ಲ ಆಮೇಲಿನವು.

ಇದನ್ನು ಕೇಳಿ ಕೆಲವರು, ಹಾಗಾದರೆ ಎಲ್ಲ ಬರೀ ಸೆಟ್ಟಿಂಗು ಅನ್ನುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಸುಮಾರು 6,000 ಜನರ ಊರು ಅದು. ಸಣ್ಣ ಜಮೀನಿನ ಬೇಸಾಯ ನಂಬಿ ಆ ಮಕ್ಕಳು ಅಲ್ಲೇ ಉಳಿಯುವಂತಿರಲಿಲ್ಲ. ಬೇಕರಿ, ಹೋಟೆಲು, ಅಂಗಡಿ ಅವರನ್ನು ಅಲ್ಲೇ ಉಳಿಸಿತು. ಎಲ್ವರ್‌ಹೊಯ್ ಮ್ಯೂಸಿಯಂ ಕಟ್ಟಡವನ್ನೇ ನೋಡಿ. ವಿಗ್ಗೊ ಬ್ರಾಂಟ್-ಎರಿಕ್ಸನ್ ಎಂಬ ಕಲಾವಿದ ಮತ್ತು ಅವರ ಹೆಂಡತಿ ಮಾರ್ಥಾ ಮಾಟ್ ತಮ್ಮ ವಾಸಕ್ಕೆ ಕಟ್ಟಿಕೊಂಡ ಮನೆ ಅದು. ಹದಿನೆಂಟನೇ ಶತಮಾನದ, ಡೆನ್ಮಾರ್ಕಿನ ಜಟ್ಲೆಂಡ್ ಸೀಮೆಯ ರೈತರ ಮನೆಯ ಮಾದರಿ. ಬಾಗಿಲಿನ ಕೆತ್ತನೆಯಿಂದ ಹಿಡಿದು ಕೈಯಾರೆ ಮಾಡಿದ್ದಾರೆ. ಯಾವ ಪ್ರವಾಸಿಗನಿಗೂ ತೋರಿಸಲು ಅಲ್ಲ. 1988ರಲ್ಲಿ ಅದು ಮ್ಯೂಸಿಯಂ ಆಯಿತು. ಸೋಲ್ವಾಂಗಿನಲ್ಲಿ ಒಂದೇ ಕಟ್ಟಡದ ಒಳಗೆ ಹೋಗಲು ಸಮಯ ಇದ್ದರೆ ಇದರೊಳಗೆ ಹೋಗಿ.

ಈಗ ಊಟದ ವಿಷಯ. ಏಬಲ್‌ಸ್ಕೀವರ್ ತಿನ್ನದೆ ಬರಬೇಡಿ. ಗುಳಿ ಇರುವ ಎರಕದ ಕಬ್ಬಿಣದ ಕಾವಲಿ, ಅದಕ್ಕೆ ಹಿಟ್ಟು ಹೊಯ್ದು, ಕಡ್ಡಿಯಿಂದ ತಿರುಗಿಸಿ ತಿರುಗಿಸಿ ಉಂಡೆ ಮಾಡುತ್ತಾರೆ. ಥೇಟ್ ನಮ್ಮ ಪಡ್ಡು. ಇದು ಸಿಹಿ ಅಷ್ಟೆ, ಮೇಲೆ ಸಕ್ಕರೆ ಪುಡಿ, ಕೆಂಪು ರಾಸ್ಪ್‌ಬೆರಿ ಜಾಮ್. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಡೆನ್ಮಾರ್ಕಿನಲ್ಲಿ ಇದು ಕ್ರಿಸ್‌ಮಸ್ ಕಾಲದ ತಿಂಡಿ. ಸೋಲ್ವಾಂಗಿನಲ್ಲಿ ವರ್ಷವಿಡೀ ಸಿಗುತ್ತದೆ. ಅಮೆರಿಕದ ಅಂಗಡಿಗಳಲ್ಲಿ ಏಬಲ್‌ಸ್ಕೀವರ್ ಕಾವಲಿ ಅಂತ ಮಾರುವುದನ್ನೇ ಅಲ್ಲಿನ ಕನ್ನಡ ಮನೆಗಳಲ್ಲಿ ಪಡ್ಡು ಮಾಡಲು ಬಳಸುತ್ತಾರೆ. ನಿಮ್ಮ ಸೊಸೆಯ ಅಡುಗೆಮನೆಯಲ್ಲೂ ಅದೇ ಇರಬಹುದು.

ಕನ್ನಡ ಮನೆ ಅಂದಾಗ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ನಮ್ಮವರು ವಾರದ ಕೊನೆಗೆ ಮಕ್ಕಳಿಗೆ ಕನ್ನಡ ತರಗತಿ ನಡೆಸುತ್ತಾರೆ. ತಂದೆ ತಾಯಿಯರೇ ಮೇಷ್ಟ್ರು. ಎಷ್ಟು ಶ್ರಮ ಅದು ಅಂತ ಕಣ್ಣಾರೆ ನೋಡಿದ್ದೇನೆ. ಡೇನ್‌ರ ಪ್ರಯೋಗದಿಂದ ಅವರಿಗೆ ಒಂದು ವಿಷಯ ಉಪಯೋಗಕ್ಕೆ ಬರಬಹುದು. ಜನಪದ ಶಾಲೆಗೆ ಬರುತ್ತಿದ್ದವರು ಹದಿನೆಂಟು ದಾಟಿದ ಯುವಕರು. ಅಕ್ಷರ ಕಲಿಯಲು ಬಂದವರಲ್ಲ. ಆ ಭಾಷೆಯಲ್ಲಿ ಹಾಡಲು, ವಾದ ಮಾಡಲು, ಗೆಳೆತನ ಮಾಡಲು ಬಂದವರು. ನಮ್ಮ ತರಗತಿಗಳಿಗೆ ಪುಟ್ಟ ಮಕ್ಕಳು ಬರುತ್ತಾರೆ, ಹೈಸ್ಕೂಲು ಮುಟ್ಟುವ ಹೊತ್ತಿಗೆ ಬಿಡುತ್ತಾರೆ. ಹದಿನೆಂಟರ ಹುಡುಗರಿಗೆ ಕನ್ನಡದಲ್ಲಿ ಕೂತು ಹರಟುವ ಒಂದು ಜಾಗ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಸರಿ, ಈಗ ದ್ರಾಕ್ಷಿ. ಸಾಂಟಾ ಬಾರ್ಬರಾ ಜಿಲ್ಲೆಯಲ್ಲಿ ವೈನ್ ಹೊಸದಲ್ಲ. ಮಿಷನ್ ಕಾಲದ ನಂತರವೂ ಅಲ್ಲಲ್ಲಿ ತೋಟಗಳಿದ್ದವು. ಎದುರಿನ ಸಾಂಟಾ ಕ್ರೂಜ್ ದ್ವೀಪದಲ್ಲಿ ಜಸ್ಟೀನಿಯನ್ ಕೇರ್ ಎಂಬ ಫ್ರೆಂಚ್ ಮೂಲದ ವ್ಯಾಪಾರಿ 1880ರ ದಶಕದಲ್ಲಿ ದ್ರಾಕ್ಷಿ ಹಾಕಿಸಿ, ವೈನನ್ನು ಹಡಗಿನಲ್ಲಿ ಹೊರಗೆ ಕಳಿಸುತ್ತಿದ್ದರು. ಇಡೀ ದೇಶದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಬಂತು. ಎಲ್ಲ ನಿಂತಿತು. ಮತ್ತೆ ಚಿಗುರಲು ಮೂವತ್ತು ವರ್ಷ ಹಿಡಿಯಿತು. 1962ರಲ್ಲಿ ಪಿಯರ್ ಲಫಾಂಡ್ ಸಾಂಟಾ ಬಾರ್ಬರಾ ಪಟ್ಟಣದಲ್ಲಿ ವೈನರಿ ತೆರೆದರು. 1972ರಲ್ಲಿ ಟೈರ್ ಕಂಪನಿಯ ಮನೆತನದ ಬ್ರೂಕ್ಸ್ ಫೈರ್‌ಸ್ಟೋನ್ ಕಣಿವೆಯಲ್ಲಿ ದೊಡ್ಡ ತೋಟ ಹಾಕಿದರು.

ಇವರಲ್ಲಿ ನನಗೆ ಅತ್ಯಂತ ಇಷ್ಟದವರು ರಿಚರ್ಡ್ ಸ್ಯಾನ್‌ಫರ್ಡ್. ಬರ್ಕ್ಲಿಯಲ್ಲಿ ಭೂಗೋಳ ಓದಿದವರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದು, ಮಣ್ಣಿನ ಕೆಲಸ ಮಾಡಬೇಕು ಅಂದುಕೊಂಡವರು. ಅವರಿಗೆ ಪಿನೋ ನ್ವಾರ್ ಬೆಳೆಯುವ ಆಸೆ. ಅದು ಫ್ರಾನ್ಸಿನ ಬರ್ಗಂಡಿ ಸೀಮೆಯ ಕೆಂಪು ದ್ರಾಕ್ಷಿ, ತೆಳು ಸಿಪ್ಪೆ, ಸೆಖೆ ತಡೆಯದು. ಕ್ಯಾಲಿಫೋರ್ನಿಯಾದಲ್ಲಿ ತಂಪು ಜಾಗ ಎಲ್ಲಿ? ಹವಾಮಾನದ ಹಳೆಯ ದಾಖಲೆಗಳನ್ನು ತಿರುವಿದರು. ಕಾರಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕಣಿವೆಯ ಉದ್ದಕ್ಕೂ ಓಡಾಡಿದರು. 1971ರಲ್ಲಿ ಸಸ್ಯಶಾಸ್ತ್ರ ಬಲ್ಲ ಗೆಳೆಯ ಮೈಕಲ್ ಬೆನೆಡಿಕ್ಟ್ ಜೊತೆ ಸೇರಿ ಕಣಿವೆಯ ಪಶ್ಚಿಮ ತುದಿಯಲ್ಲಿ ಬಳ್ಳಿ ನೆಟ್ಟರು. ಸುತ್ತ ಬೇರೆ ವೈನ್ ತೋಟ ಇರಲಿಲ್ಲ. ಬುದ್ಧಿವಂತರು ಅಲ್ಲಿ ದ್ರಾಕ್ಷಿ ಹಾಕುವುದಿಲ್ಲ ಅಂತ ಜನ ನಂಬಿದ್ದ ಜಾಗ ಅದು. ಆ ಬಳ್ಳಿಗಳು ಇವತ್ತಿಗೂ ಫಲ ಕೊಡುತ್ತಿವೆ.

ಈಗ ಬೆಟ್ಟದ ತಿರುಗಾಟಕ್ಕೆ ಬನ್ನಿ. ಕಣಿವೆಯ ಬಾಯಿ ಸಮುದ್ರಕ್ಕೆ ತೆರೆದಿದೆ ಅಂದೆನಲ್ಲ. ರಾತ್ರಿ ಮಂಜು ಒಳಗೆ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕರಗುತ್ತದೆ. ಆಮೇಲೆ ಗಾಳಿ ಬೀಸುತ್ತದೆ. ಸಮುದ್ರದಿಂದ ಒಳಕ್ಕೆ ಒಂದೊಂದು ಮೈಲಿ ಹೋದ ಹಾಗೆ ಸುಮಾರು ಒಂದೊಂದು ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ ಎಂಬುದು ಅಲ್ಲಿನ ಬೆಳೆಗಾರರ ಲೆಕ್ಕ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಬೇಸಿಗೆಯ ಮಧ್ಯಾಹ್ನ ಲೊಂಪಾಕ್ ಊರಿನಿಂದ 246ನೇ ರಸ್ತೆಯಲ್ಲಿ ಪೂರ್ವಕ್ಕೆ ಹೊರಡಿ. ಕಾರಿನ ಮುಂದೆ ಉಷ್ಣಾಂಶ ತೋರಿಸುತ್ತದಲ್ಲ, ಅದನ್ನು ಮೊಮ್ಮಕ್ಕಳಿಗೆ ಓದಲು ಹೇಳಿ. ಲೊಂಪಾಕ್‌ನಲ್ಲಿ ಸ್ವೆಟರ್ ಬೇಕು. ಬ್ಯುಯೆಲ್ಟನ್ ಹೊತ್ತಿಗೆ ತೆಗೆಯುತ್ತೀರಿ. ಕಣಿವೆಯ ಪೂರ್ವ ಮೂಲೆ ಮುಟ್ಟುವಾಗ ಎಸಿ ಹಾಕುತ್ತೀರಿ.

ಈ ಏರಿಕೆಗೆ ತಕ್ಕ ಹಾಗೆ ಬಳ್ಳಿಯೂ ಬದಲಾಗುತ್ತದೆ. ಪಶ್ಚಿಮದ ತಂಪಿನಲ್ಲಿ ಪಿನೋ ನ್ವಾರ್ ಮತ್ತು ಶಾರ್ಡನೆ. ಮಧ್ಯದ ಬ್ಯಾಲರ್ಡ್ ಕಣಿವೆಯಲ್ಲಿ ಸಿರಾ. ಪೂರ್ವದ ಹ್ಯಾಪಿ ಕಣಿವೆಯ ಸೆಖೆಯಲ್ಲಿ ಕ್ಯಾಬರ್ನೆ ಸಾವಿನ್ಯೋ. ತಂಪು ದೇಶದ ಹಣ್ಣು, ಬಿಸಿ ದೇಶದ ಹಣ್ಣು, ಎರಡೂ ಅರ್ಧ ಗಂಟೆಯ ದಾರಿಯಲ್ಲಿ. ಸರ್ಕಾರವೂ ಇದನ್ನು ಗುರುತಿಸಿದೆ. ಸಾಂಟಾ ಇನೆಜ್ ಕಣಿವೆಗೆ ಪ್ರತ್ಯೇಕ ದ್ರಾಕ್ಷಿ ಪ್ರದೇಶದ ಮಾನ್ಯತೆ 1983ರಲ್ಲಿ ಸಿಕ್ಕಿತು. ಅದರೊಳಗೇ ಪಶ್ಚಿಮದ ಸಾಂಟಾ ರೀಟಾ ಗುಡ್ಡಗಳಿಗೆ 2001ರಲ್ಲಿ, ಹ್ಯಾಪಿ ಕಣಿವೆಗೆ 2009ರಲ್ಲಿ, ಬ್ಯಾಲರ್ಡ್ ಕಣಿವೆಗೆ 2013ರಲ್ಲಿ, ಲಾಸ್ ಒಲಿವೋಸ್ ಭಾಗಕ್ಕೆ 2016ರಲ್ಲಿ ಬೇರೆ ಬೇರೆ ಮಾನ್ಯತೆ ಬಂತು. 2004ರಲ್ಲಿ ಇದೇ ತೋಟಗಳ ನಡುವೆ ನಡೆಯುವ ಕಥೆಯ ಹಾಲಿವುಡ್ ಸಿನಿಮಾ ಒಂದು ಬಂದು, ಪಿನೋ ನ್ವಾರ್ ಹುಡುಕಿಕೊಂಡು ಬರುವವರ ಸಾಲೇ ಶುರುವಾಯಿತು.

ಲೊಂಪಾಕ್ ಸುತ್ತಮುತ್ತ ಬೆಳ್ಳಗಿನ ಗುಡ್ಡಗಳು ಕಾಣುತ್ತವೆ. ಅದು ಸುಣ್ಣ ಅಲ್ಲ. ಸಮುದ್ರದ ತಳದಲ್ಲಿ ಬಿದ್ದ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳ ಚಿಪ್ಪು. ಹಗುರವಾದ, ಪುಡಿಯಾಗುವ ಕಲ್ಲು. ಸೋಸುವ ಪುಡಿಯಾಗಿ ಬಳಸಲು ಗಣಿ ಮಾಡುತ್ತಾರೆ. ಪಶ್ಚಿಮದ ಹಲವು ತೋಟಗಳಲ್ಲಿ ಬಳ್ಳಿಯ ಬೇರು ಈ ಬಿಳಿ ಕಲ್ಲಿನೊಳಗೇ ಇಳಿದಿದೆ.

ನಾವು ಕುಡಿಯುವುದಿಲ್ಲ, ತೋಟಕ್ಕೆ ಹೋಗಿ ಏನು ಮಾಡೋಣ ಅಂತ ಕೇಳುವವರಿಗೆ ನನ್ನ ಉತ್ತರ: ಹೋಗಿ. ನಮಗೆ ದ್ರಾಕ್ಷಿ ಅಂದರೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆಯ ಚಪ್ಪರ. ಅಲ್ಲಿ ಚಪ್ಪರ ಇಲ್ಲ. ಸಾಲು ಸಾಲಾಗಿ ತಂತಿ, ಎದೆಮಟ್ಟದಲ್ಲಿ ಗೊಂಚಲು. ಹಣ್ಣು ಸಣ್ಣದು, ಬೀಜ ದೊಡ್ಡದು, ವಿಪರೀತ ಸಿಹಿ. ಇದನ್ನೆಲ್ಲ ವಿವರಿಸಿ ತೋರಿಸುವ ತೋಟಗಳಿವೆ. ಮೊದಲೇ ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳಬೇಕು. ರುಚಿ ನೋಡುವವರಿಗೆ ನಾಲ್ಕೈದು ಬಗೆಯನ್ನು ಗುಟುಕು ಗುಟುಕಾಗಿ ಕೊಡುತ್ತಾರೆ. ಬಾಯಲ್ಲಿ ಹೊರಳಿಸಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ. ಉಗುಳಿದರೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಕಾರು ಓಡಿಸುವವರು ಮಾತ್ರ ಮುಟ್ಟುವುದೇ ಬೇಡ.

ಒಂದು ವಿಷಯವನ್ನು ಹೇಳದೆ ಬಿಡಲಾರೆ. ಕೊಯ್ಲು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ. ಹಣ್ಣು ತಣ್ಣಗಿರಲಿ ಅಂತ ರಾತ್ರಿ ಕೊಯ್ಯುತ್ತಾರೆ. ದೊಡ್ಡ ದೀಪಗಳ ಬೆಳಕಲ್ಲಿ, ತಲೆಗೆ ಟಾರ್ಚ್ ಕಟ್ಟಿಕೊಂಡು, ಬಾಗಿದ ಚಾಕುವಿನಿಂದ ಗೊಂಚಲು ಕತ್ತರಿಸಿ, ಬುಟ್ಟಿ ಹೊತ್ತು ಓಡುತ್ತಾರೆ. ಈ ಕೆಲಸ ಮಾಡುವವರು ಬಹುಪಾಲು ಮೆಕ್ಸಿಕೊದಿಂದ ಬಂದವರು. ಆ ಜಿಲ್ಲೆಯ ಹೊಲಗಳಲ್ಲಿ ದುಡಿಯುವವರಲ್ಲಿ ವಹಾಕಾ ರಾಜ್ಯದ ಮಿಶ್ಟೆಕ್ ಜನರೂ ಇದ್ದಾರೆ. ಅವರ ಮನೆಮಾತು ಸ್ಪ್ಯಾನಿಶ್ ಅಲ್ಲ, ಮಿಶ್ಟೆಕ್. ಅವರ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಸ್ಪ್ಯಾನಿಶ್ ಕಲಿಯುತ್ತಾರೆ. ಬಾಟಲಿಯ ಚೀಟಿಯ ಮೇಲೆ ತೋಟದ ಹೆಸರಿದೆ, ಬೆಟ್ಟದ ಹೆಸರಿದೆ. ಇವರ ಹೆಸರಿಲ್ಲ. ತೋಟ ತೋರಿಸುವವರನ್ನು ಕೇಳಿ: ಕೊಯ್ಯುವವರು ಯಾರು, ವರ್ಷವಿಡೀ ಕೆಲಸ ಇದೆಯಾ, ಎಲ್ಲಿ ವಾಸ ಮಾಡುತ್ತಾರೆ? ಒಳ್ಳೆಯ ತೋಟದವರು ಸಂತೋಷದಿಂದ ಹೇಳುತ್ತಾರೆ.

ಎರಡು ದಿನ ಇದ್ದರೆ ಹೀಗೆ ಮಾಡಿ. ಮೊದಲ ದಿನ ಬೆಳಗ್ಗೆ ಘಾಟಿಯಲ್ಲಿ ಇಳಿದು ಸಾಂಟಾ ಇನೆಸ್ ಮಿಷನ್, ಆಮೇಲೆ ಬೆಥಾನಿಯಾ, ಎಲ್ವರ್‌ಹೊಯ್. ಪೇಟೆ ಸುತ್ತಲು ಸಂಜೆ ಒಳ್ಳೆಯದು, ಬಸ್ಸಿನಲ್ಲಿ ಬಂದವರೆಲ್ಲ ಹೋಗಿರುತ್ತಾರೆ. ಎರಡನೇ ದಿನ ಬೇಗ ಎದ್ದು ಮಂಜಿನಲ್ಲೇ ಲೊಂಪಾಕ್ ಕಡೆ ಹೋಗಿ. ಅಲ್ಲಿನ ಲಾ ಪುರಿಸಿಮಾ ಮಿಷನ್ ಪಾಳುಬಿದ್ದಿತ್ತು. 1930ರ ದಶಕದಲ್ಲಿ ನಿರುದ್ಯೋಗಿ ಯುವಕರಿಗೆ ಸರ್ಕಾರ ಕೆಲಸ ಕೊಟ್ಟಾಗ ಅವರು ಹಳೆಯ ರೀತಿಯಲ್ಲೇ ಹಸಿ ಇಟ್ಟಿಗೆ ಮಾಡಿ ಮತ್ತೆ ಕಟ್ಟಿದರು. ನೇಯ್ಗೆ, ಮೇಣದಬತ್ತಿ, ಕುಲುಮೆ ಎಲ್ಲದರ ಕೋಣೆಗಳೂ ಇವೆ, ಮಕ್ಕಳಿಗೆ ಹಿಡಿಸುತ್ತದೆ. ಮಧ್ಯಾಹ್ನ ಪೂರ್ವಕ್ಕೆ ತಿರುಗಿ, ಒಂದು ತಂಪಿನ ತೋಟ, ಒಂದು ಸೆಖೆಯ ತೋಟ, ಎರಡೇ ಸಾಕು. ಚುಮಾಶ್ ಸಮುದಾಯದವರು ಈಚೆಗೆ ತಮ್ಮದೇ ಮ್ಯೂಸಿಯಂ ತೆರೆದಿದ್ದಾರೆ. ಸಾಂಟಾ ಇನೆಜ್ ಊರಿನ ಹತ್ತಿರ 246ರಲ್ಲೇ ಇದೆ. ಅದಕ್ಕೆ ಸಮಯ ಉಳಿಸಿಕೊಳ್ಳಿ, ತೋಟಗಳಲ್ಲಿ ಒಂದನ್ನು ಬಿಟ್ಟರೂ ಪರವಾಗಿಲ್ಲ.